ನಾಲ್ಕನೇ ಜ್ವರ

ಮಂಚೇನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಎಂಟು ಗಂಟೆಯ ಬಸ್ಸಿನಲ್ಲಿ, ಕಿಟಕಿಯ ಕಂಬಿಗೆ ಹಣೆ ತಾಗಿಸಿ ಕೂತಿದ್ದ ಅಶ್ವತ್ಥಮ್ಮನಿಗೆ ಮೂರು ತಿಂಗಳ ಹಿಂದೆ ತಾನು ಅಂದಿದ್ದ ಒಂದು 'ಹೂಂ' ಮತ್ತೆ ಮತ್ತೆ ಕೇಳಿಸುತ್ತಿತ್ತು. ಅದು ಆಗಲಿ ಅನ್ನುವ ಹೂಂ ಆಗಿರಲಿಲ್ಲ. ಕೇಳಿಸಿಕೊಂಡೆ, ಈಗ ನನ್ನನ್ನು ಬಿಡು ಅನ್ನುವ ಹೂಂ. ಜನವರಿಯ ಒಂದು ಮಧ್ಯಾಹ್ನ ಕಾಲೇಜಿನ ಪಡಸಾಲೆಯಲ್ಲಿ, ಬೆರಳಿನ ಸೀಮೆಸುಣ್ಣ ಸೀರೆಗೆ ತಾಗದ ಹಾಗೆ ಕೈಯನ್ನು ದೂರ ಹಿಡಿದುಕೊಂಡು ನಡೆಯುತ್ತಿದ್ದಾಗ, ಬಿ.ಎ. ಕೊನೆಯ ವರ್ಷದ ತಾಹಿರಾ ಎದುರು ನಿಂತು ಕೇಳಿದ್ದಳು: ಮಿಸ್, ಪ್ರಬಂಧ ಬರೆಯೋ ಬದ್ಲು ನಾನು ವಿಡಿಯೋ ತೆಗೆದುಕೊಡ್ಲಾ, ನಮ್ಮ ಮಾಮೂದು ಕ್ಯಾಮರಾ ಇದೆ. ಅಷ್ಟರಲ್ಲಿ ಸಮಾಜಶಾಸ್ತ್ರ ವಿಭಾಗದ ಮುಖ್ಯಸ್ಥ ವೆಂಕಟರಾಮಪ್ಪನವರು ಮೆಟ್ಟಿಲಿಳಿದು ಬರುತ್ತಿದ್ದರು. ಪಡಸಾಲೆಯಲ್ಲಿ ನಿಂತು ಮಾತಾಡುವ ಲೆಕ್ಚರರುಗಳನ್ನು ಕಂಡರೆ ಅವರಿಗಾಗದು. ಅಶ್ವತ್ಥಮ್ಮ ತಲೆ ತಗ್ಗಿಸಿ ಹೂಂ ಅಂದು ಮುಂದೆ ಹೋಗಿದ್ದಳು. ಆ ಒಂದು ಸದ್ದನ್ನು ನಂಬಿಕೊಂಡು ಆ ಹುಡುಗಿ ಮೂರು ತಿಂಗಳು ಭುಜದ ಮೇಲೆ ಕ್ಯಾಮರಾ ಹೊತ್ತು ತಿರುಗಿದ್ದಾಳೆ. ಇವತ್ತು ಹನ್ನೊಂದು ಗಂಟೆಗೆ ಆ ಕ್ಯಾಸೆಟ್ಟು ಹಾಕಿ ನೋಡುವುದು, ನೋಡಿದ ಮೇಲೆ ಸೊನ್ನೆ ಹಾಕುವುದು ಎಂದು ಹೋದ ವಾರವೇ ನಿಶ್ಚಯವಾಗಿತ್ತು.

ಹೋದ ವಾರ ಸ್ಟಾಫ್ ರೂಮಿನಲ್ಲಿ ವೆಂಕಟರಾಮಪ್ಪನವರ ಮೇಜಿನ ಮೇಲೆ ಹತ್ತೊಂಬತ್ತು ಪ್ರಬಂಧಗಳು ಒಂದರ ಮೇಲೊಂದು ಕೂತಿದ್ದವು. ಇಪ್ಪತ್ತನೆಯದರ ಜಾಗದಲ್ಲಿ ವಿಡಿಯೋ ಕ್ಯಾಸೆಟ್ಟಿನ ಕಪ್ಪು ಡಬ್ಬಿ. ಇದೇನಮ್ಮ, ಯಾರ ಮದುವೆ, ಎಂದು ಅವರು ಕೇಳಿದ ರೀತಿಗೆ ಉಳಿದ ಮೇಷ್ಟರುಗಳೆಲ್ಲ ನಕ್ಕರು. ಶಿಡ್ಲಘಟ್ಟದ ರೇಷ್ಮೆ ಕೆಲಸದ ಹೆಂಗಸರ ಮೇಲೆ ಸಾರ್, ಎಂದಳು ತಾಹಿರಾ. ಪ್ರಬಂಧಕ್ಕೆ ಐವತ್ತು ಅಂಕ, ಕಾಲೇಜಿನವರೇ ಕೊಡುವುದು. ಅದು ಬಾರದಿದ್ದರೆ ಡಿಗ್ರಿ ನಿಂತಂತೆ. ತಾಹಿರಾಳ ತಂದೆ ಅಬ್ದುಲ್ ರಹೀಮ್ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಎರಡು ಚರಕ ಇಟ್ಟುಕೊಂಡವರು. ಒಂದೇ ಏಟಿಗೆ ಪಾಸಾದರೆ ಕೋಲಾರಕ್ಕೆ ಬಿ.ಎಡ್. ಓದಲು ಕಳಿಸುತ್ತೇನೆ, ಒಂದರಲ್ಲಿ ಹೋದರೂ ಮನೆ ಸೇರಬೇಕು ಎಂದು ಅವರು ಹೇಳಿದ್ದು ತರಗತಿಗೆಲ್ಲ ಗೊತ್ತು, ಅಶ್ವತ್ಥಮ್ಮನಿಗೂ ಗೊತ್ತು. ಪ್ರಬಂಧದ ಬದಲು ಕ್ಯಾಸೆಟ್ಟು ಕೊಡು ಅಂತ ನಿನಗೆ ಹೇಳಿದವರು ಯಾರು, ಎಂದು ವೆಂಕಟರಾಮಪ್ಪನವರು ಕೇಳಿದಾಗ ಅಶ್ವತ್ಥಮ್ಮ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಹಾಜರಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ಪುಸ್ತಕದ ಗೆರೆಗಳು ಒಂದರೊಳಗೊಂದು ಸೇರಿಹೋದವು. ತಾಹಿರಾ ಅವಳ ಕಡೆ ನೋಡಲಿಲ್ಲ. ಯಾರೂ ಹೇಳಿಲ್ಲ ಸಾರ್, ನಾನೇ, ಎಂದಳು. ಆ ರಾತ್ರಿ ಅಶ್ವತ್ಥಮ್ಮ ಡೈರಿಯಲ್ಲಿ 'ಹೇಳಬೇಕಿತ್ತು' ಎಂದು ಬರೆದಳು. ಅವಳ ಡೈರಿಯ ತುಂಬ ಇಂಥವೇ. ಹೈಸ್ಕೂಲಿನಿಂದ ಈವರೆಗೆ ಹನ್ನೊಂದು ಡೈರಿ. ಬೇರೆಯವರು ನಡೆದದ್ದು ಬರೆದಿಡುತ್ತಾರೆ, ಇವಳು ಆಡದೆ ಬಿಟ್ಟದ್ದನ್ನು ಬರೆದಿಡುತ್ತಾಳೆ.

ಬಸ್ಸು ತಿರುವಿನಲ್ಲಿ ವಾಲಿದಾಗ ಪಕ್ಕದ ಹೆಂಗಸಿನ ಮಡಿಲಲ್ಲಿದ್ದ ಸೊಪ್ಪಿನ ಗಂಟು ಇವಳ ತೊಡೆಗೆ ಒರಗಿತು. ಹೆಂಗಸು ಕ್ಷಮೆ ಕೇಳುವವಳ ಹಾಗೆ ನಕ್ಕಳು. ಪರವಾಗಿಲ್ಲ ಅನ್ನಬೇಕೆಂದು ಅಶ್ವತ್ಥಮ್ಮ ಬಾಯಿ ತೆರೆಯುವಷ್ಟರಲ್ಲಿ ಆಕೆ ಮುಖ ತಿರುಗಿಸಿಯಾಗಿತ್ತು. ಅಶ್ವತ್ಥಮ್ಮನ ಹೆಸರೇ ಅವಳಿಗಿಂತ ಮೊದಲು ಕೋಣೆಯೊಳಗೆ ಹೋಗಿ ಕೂರುತ್ತದೆ. ಅಪ್ಪ ಚೆನ್ನರಾಯಪ್ಪ ತನ್ನ ಸತ್ತ ತಾಯಿಯ ಹೆಸರನ್ನು ಇವಳಿಗಿಟ್ಟ. ಕೆಲಸಕ್ಕೆ ಸೇರಿದ ಮೊದಲ ದಿನ ಅಟೆಂಡರ್ ಕೊಂಡಪ್ಪ ಕುರ್ಚಿ ಒರೆಸಿಟ್ಟು, ಅಶ್ವತ್ಥಮ್ಮನೋರು ಇನ್ನೂ ಬಂದಿಲ್ಲವಾ, ನೀನು ಅವರ ಮಗಳಾ ತಾಯಿ, ಎಂದು ಕೇಳಿದ್ದ. ಇಪ್ಪತ್ತನಾಲ್ಕು ವರ್ಷದ ಅಶ್ವತ್ಥಮ್ಮ ಅದಕ್ಕೂ ಹೂಂ ಅಂದಿದ್ದಳೇನೋ. ಅಲ್ಲಿಂದ ಈಚೆಗೆ ಎಲ್ಲ ಕಡೆ 'ಸಿ. ಎ.' ಎಂದಷ್ಟೇ ಸಹಿ ಮಾಡುತ್ತಾಳೆ. ಪೂರ್ತಿ ಹೆಸರು ಇರುವುದು ಒಂದೇ ಕಡೆ, ಲೈಬ್ರರಿಯ ಗಾಜಿನ ಬೀರುವಿನಲ್ಲಿ, ಕೆಂಪು ರೆಕ್ಸಿನ್ ರಟ್ಟಿನ ಮೇಲೆ, ಬಂಗಾರದ ಬಣ್ಣದ ಅಕ್ಷರಗಳಲ್ಲಿ. ನಾಲ್ಕು ವರ್ಷದ ಹಿಂದೆ ಎಂ.ಎ.ಗೆ ಅವಳು ಬರೆದ ಪ್ರಬಂಧ, ಶಿಡ್ಲಘಟ್ಟ ತಾಲ್ಲೂಕಿನಲ್ಲಿ ರೇಷ್ಮೆಹುಳ ಮೇಯಿಸುವ ನಲವತ್ತು ಮನೆಗಳ ಹೆಂಗಸರ ಬದುಕಿನ ಬಗ್ಗೆ. ವೆಂಕಟರಾಮಪ್ಪನವರು ಪ್ರತಿ ವರ್ಷ ಅದನ್ನು ತರಿಸಿ ತರಗತಿಯಲ್ಲಿ ಎತ್ತಿ ಹಿಡಿದು, ಪ್ರಬಂಧ ಅಂದರೆ ಇದು, ನಿಮ್ಮ ಮಿಸ್ ಬರೆದದ್ದು, ಇಪ್ಪತ್ತೆರಡು ಕೋಷ್ಟಕ ಇದೆ, ಎಣಿಸಿ, ಎನ್ನುತ್ತಿದ್ದರು. ಅವಳಿಗೆ ಕೆಲಸ ಸಿಕ್ಕಿದ್ದೂ ಆ ಪುಸ್ತಕದಿಂದಲೇ. ಮಾತಾಡಲು ಬಾರದವಳಿಗೆ ಆ ಕೆಂಪು ರಟ್ಟು ಒಂದು ಬಾಗಿಲಿನ ಹಾಗೆ. ಹಾಕಿಕೊಂಡು ಹಿಂದೆ ನಿಂತರೆ ಯಾರೂ ಏನೂ ಕೇಳುವುದಿಲ್ಲ.

ಹನ್ನೊಂದಕ್ಕೆ ಕೊಂಡಪ್ಪ ಪ್ರಿನ್ಸಿಪಾಲರ ಕೋಣೆಯ ಟಿವಿಯನ್ನು ತರಗತಿಯೊಂದಕ್ಕೆ ತಂದು ಎರಡು ಬೆಂಚು ಜೋಡಿಸಿ ಮೇಲಿಟ್ಟ. ಬಾಡಿಗೆಗೆ ತಂದ ವಿಸಿಆರ್ ಅನ್ನು ತಾಹಿರಾ ಮಡಿಲಲ್ಲಿಟ್ಟುಕೊಂಡು ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬಂದಿದ್ದಳು. ಕಿಟಕಿಗೆ ಪರದೆಯಿಲ್ಲದ್ದರಿಂದ ಭೂಪಟಗಳನ್ನೇ ಇಳಿಬಿಟ್ಟು ಕತ್ತಲು ಮಾಡಿದರು. ಏಪ್ರಿಲ್ ತಿಂಗಳ ಬಿಸಿಲು ಭೂಪಟದ ಮಡಿಕೆಗಳಲ್ಲಿ ಸೋರುತ್ತಿತ್ತು. ವೆಂಕಟರಾಮಪ್ಪನವರು ಮುಂದಿನ ಕುರ್ಚಿಯಲ್ಲಿ, ಅವರಿಂದ ಒಂದು ಕುರ್ಚಿ ಬಿಟ್ಟು ಅಶ್ವತ್ಥಮ್ಮ, ಹಿಂದಿನ ಬೆಂಚಿನಲ್ಲಿ ತಾಹಿರಾ. ಬಾಗಿಲಿಗೊರಗಿ ಕೊಂಡಪ್ಪ. ಟಿವಿಯಲ್ಲಿ ಮೊದಲು ಬಂದದ್ದು ಗುಲಾಬಿ ಹೂ. ಹೂವಿನೊಳಗಿಂದ ಮದುಮಗ, ಕೊರಳ ತುಂಬ ನೋಟಿನ ಹಾರ, ಒಂದು ತಟ್ಟೆ ಬಿರಿಯಾನಿ. ವೆಂಕಟರಾಮಪ್ಪನವರು ಹಿಂದೆ ತಿರುಗದೆ, ನಾನು ಹೇಳಲಿಲ್ಲವಾ, ಎಂದರು. ಹಳೇ ಕ್ಯಾಸೆಟ್ಟು ಸಾರ್, ಮಾಮು ಮದುವೆಗಳಿಗೆ ತೆಗೆಯೋದು, ಅದರ ಮೇಲೇ ನಾನು ತೆಗ್ದಿದ್ದು, ಇನ್ನು ಸ್ವಲ್ಪ, ಎಂದಳು ತಾಹಿರಾ. ಅವಳ ಮಾಮು, ಸೋದರಮಾವ ಸಾದಿಕ್ ಪಾಷಾ, ಮದುವೆಯಿಲ್ಲದ ದಿನ ಮಾತ್ರ ಕ್ಯಾಮರಾ ಕೊಡುತ್ತಿದ್ದನಂತೆ. ಕತ್ತರಿಸಿ ಜೋಡಿಸುವ ಸಾಮಾನೆಲ್ಲ ಬೆಂಗಳೂರಿನಲ್ಲೇ, ಹಾಗಾಗಿ ಯಾವುದು ಮೊದಲು ಯಾವುದು ಆಮೇಲೆ ಎಂದು ತಲೆಯಲ್ಲೇ ಲೆಕ್ಕ ಹಾಕಿಕೊಂಡು ಅದೇ ಕ್ರಮದಲ್ಲಿ ತೆಗೆದಿದ್ದಳು. ಬರೆಯುವಾಗ ಅಶ್ವತ್ಥಮ್ಮ ಒಂದು ಪುಟಕ್ಕೆ ಮೂರು ಪುಟ ಹರಿದೆಸೆಯುತ್ತಿದ್ದಳು. ಹರಿಯಲು ಸಾಧ್ಯವೇ ಇಲ್ಲದ ಕಾಗದದ ಮೇಲೆ ಈ ಹುಡುಗಿ ಬರೆದಿದ್ದಾಳೆ ಎಂದು ಅವಳಿಗನಿಸಿತು, ಹೀಗನಿಸಿದ್ದಕ್ಕೆ ಒಳಗೇ ಬೆರಗಾಯಿತು.

ಬಿರಿಯಾನಿ ಹೋಗಿ ಎರಡು ಕೈಗಳು ಬಂದವು. ಬೇರೇನೂ ಇಲ್ಲ, ಮುಖವಿಲ್ಲ, ಹೆಸರಿಲ್ಲ. ಕುದಿಯುವ ನೀರಲ್ಲಿ ಗೂಡುಗಳು ತಿರುಗುತ್ತಿದ್ದವು. ಆ ಕೈಗಳು ಅದರೊಳಗಿಂದ ಕಣ್ಣಿಗೆ ಕಾಣದಂಥ ಎಳೆಯನ್ನು ಹುಡುಕಿ ಎತ್ತುತ್ತಿದ್ದವು. ಬೆರಳ ತುದಿ ಬೆಳ್ಳಗೆ ಉಬ್ಬಿ, ಬಹಳ ಹೊತ್ತು ನೀರಿನಲ್ಲಿದ್ದ ಬೇಳೆಯ ಹಾಗಿತ್ತು. ಕ್ಯಾಮರಾ ಅಲ್ಲಾಡದೆ ನೋಡುತ್ತಲೇ ಇತ್ತು. ಒಂದು ನಿಮಿಷ, ಎರಡು ನಿಮಿಷ. ವೆಂಕಟರಾಮಪ್ಪನವರು ಕುರ್ಚಿಯಲ್ಲಿ ಕದಲಿದರು. ಮೂರನೆಯ ನಿಮಿಷಕ್ಕೆ ಅಶ್ವತ್ಥಮ್ಮನಿಗೆ ತನ್ನ ಬೆರಳ ತುದಿಗಳು ಬಿಸಿಯಾದ ಹಾಗಾಯಿತು. ಅವಳ ಕೆಂಪು ಪುಸ್ತಕದ ಆರನೇ ಅಧ್ಯಾಯದಲ್ಲಿ ಒಂದು ವಾಕ್ಯವಿತ್ತು: ಈ ಕೆಲಸದಲ್ಲಿ ಕೈಗಳಿಗೆ ತೊಂದರೆಯಾಗುವುದುಂಟು. ಆ ವಾಕ್ಯ ಬರೆದ ದಿನ ನೆನಪಿದೆ, ಹಾಸ್ಟೆಲಿನಲ್ಲಿ ಅಂದು ಉಪ್ಪಿಟ್ಟು, ಬರೆದು ಮುಗಿಸಿ ಎದ್ದು ಹೋಗಿ ತಿಂದಿದ್ದಳು. ಕೊನೆಗೆ ಕ್ಯಾಮರಾ ಆ ಕೈಗಳಿಂದ ಮೇಲಕ್ಕೆ ಮೆಲ್ಲಗೆ ಸರಿಯಿತು. ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ ಒಬ್ಬ ಹೆಂಗಸು ಹೊಗೆಗೆ ಕಣ್ಣು ಕಿರಿದು ಮಾಡಿ ನೋಡಿ ಉರ್ದುವಿನಲ್ಲಿ ಏನೋ ಅಂದಳು. ಅಮ್ಮಿ ಸಾರ್, ದಿಲ್ಷಾದ್ ಬೇಗಂ ಅಂತ, ಸಾಕು ಬಾ, ಚಹಾ ಆರ್ತಾ ಇದೆ ಅಂತಿದ್ದಾಳೆ, ಎಂದು ಹಿಂದಿನಿಂದ ಸಣ್ಣ ದನಿಯಲ್ಲಿ ಹೇಳಿದಳು ತಾಹಿರಾ. ಯಾರೂ ನಗಲಿಲ್ಲ.

ಆಮೇಲೆ ಹಳ್ಳಿ. ಗೋಡೆಗೊರಗಿಸಿದ ಬಿದಿರ ಚಂದ್ರಿಕೆಗಳು, ಹುಳ ಹಣ್ಣಾದಾಗ ಗೂಡು ಕಟ್ಟಲು ಬಿಡುವ ದುಂಡನೆಯ ತಡಿಕೆಗಳು, ಬಿಸಿಲಿಗೆ ಒಣಗುತ್ತಿದ್ದವು. ಹಸಿರು ಬಾಗಿಲು, ಪಕ್ಕದಲ್ಲಿ ಒಡೆದ ಕಲ್ಲಿನ ತೊಟ್ಟಿ. ಅಶ್ವತ್ಥಮ್ಮನಿಗೆ ಆ ತೊಟ್ಟಿ ಗೊತ್ತಿತ್ತು. ಅದರ ಅಂಚಿನ ಮೇಲೆ ಪ್ರಶ್ನಾವಳಿಯನ್ನಿಟ್ಟುಕೊಂಡು ಬರೆದಿದ್ದಳು. ಅವಳ ನಲವತ್ತು ಮನೆಗಳಲ್ಲಿ ಮೊದಲನೆಯದು ಅದು. ಅವತ್ತು ಮುನಿಶಾಮಮ್ಮ ಎನ್ನುವ ಆ ಮನೆಯ ಹೆಂಗಸು ಒಳಗಿಂದ, ಒಳಗೆ ಬರ್ಬೋದೇನಮ್ಮ ನೀನು, ಎಂದು ಕೇಳಿದ್ದಳು. ಹುಳದ ಮನೆಗೆ ಮುಟ್ಟಾದವರು ಹೋಗುವ ಹಾಗಿಲ್ಲ. ಅವತ್ತು ಅಶ್ವತ್ಥಮ್ಮನಿಗೆ ಎರಡನೇ ದಿನ. ತಲೆ ತಗ್ಗಿಸಿ ಇಲ್ಲವೆಂದು ಆಡಿಸಿ ಅಂಗಳದಲ್ಲೇ ನಿಂತಳು. ಆಮೇಲಿನ ಮೂವತ್ತೊಂಬತ್ತು ಮನೆಗಳಲ್ಲೂ ಒಳಗೆ ಬರ್ಬೋದಾ ಅನ್ನುವ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವುದಕ್ಕೆ ತಾನಾಗಿಯೇ ಅಂಗಳದಲ್ಲಿ ನಿಂತಳು. ಹಾಳೆಯ ಮೇಲಿದ್ದ ಪ್ರಶ್ನೆ ಓದುವುದು, ಒಳಗಿಂದ ಬಂದ ಉತ್ತರವನ್ನು ಬರೆದುಕೊಳ್ಳುವುದು. ಅವಳ ಸ್ವಂತ ಮನೆಯಲ್ಲಿ ಬೆಳೆಯುತ್ತಿದ್ದದ್ದು ಕಡಲೆಕಾಯಿ, ಜೋಳ. ಹುಳ ಮೇಯಿಸಿದವರು ಯಾರೂ ಇರಲಿಲ್ಲ. ಒಂದೇ ಒಂದು ಹುಳವನ್ನೂ ಹತ್ತಿರದಿಂದ ನೋಡದೆ ಆ ಪುಸ್ತಕ ಬರೆದಿದ್ದಳು ಎಂಬುದು ಅವಳ ಡೈರಿಯಲ್ಲಿ ಕೂಡ ಇರಲಿಲ್ಲ.

ಟಿವಿಯಲ್ಲಿ ಅದೇ ದನಿ, ಸ್ವಲ್ಪ ಒಡೆದು, ಒಳಗೆ ಬರ್ಬೋದೇನಮ್ಮ ಎಂದು ಕೇಳಿತು. ಬರ್ಬೋದಜ್ಜಿ, ಎಂದಿತು ಕ್ಯಾಮರಾದ ಹಿಂದಿನ ತಾಹಿರಾಳ ದನಿ. ಕೈಕಾಲು ತೊಳ್ಕೊಂಡು ಬಾ. ನೀರಿನ ಸದ್ದು. ಆಮೇಲೆ ಕ್ಯಾಮರಾ ಹೊಸಿಲು ದಾಟಿತು. ಅಷ್ಟೇ, ಹೊಸಿಲು ದಾಟಿತು. ಅಶ್ವತ್ಥಮ್ಮ ಕುರ್ಚಿಯ ಕೈ ಹಿಡಿದುಕೊಂಡಳು. ಒಳಗೆ ಕತ್ತಲು, ಕತ್ತಲಲ್ಲಿ ಮೆಲ್ಲಗೆ ಮೂಡಿದ ತಟ್ಟೆಗಳು, ತಟ್ಟೆಗಳ ತುಂಬ ಸಾವಿರಾರು ಹುಳಗಳು ಅಲುಗಾಡದೆ ತಲೆಯೆತ್ತಿಕೊಂಡು ಕೂತಿದ್ದವು. ಎಲ್ಲವೂ ಒಂದೇ ಕಡೆ ಕಿವಿಗೊಟ್ಟ ಹಾಗೆ. ಮುನಿಶಾಮಮ್ಮ ಒಂದು ತಟ್ಟೆಯನ್ನು ಕ್ಯಾಮರಾದ ಹತ್ತಿರ ತಂದಳು.

"ಇದೀಗ ನಾಕನೇ ಜ್ವರಕ್ಕೆ ಕೂತವೆ ನೋಡಮ್ಮ," ಎಂದಳು. "ಜ್ವರ ಅಂದ್ರೆ ಹಿಂಗೆ. ಸೊಪ್ಪು ಮುಟ್ಟಲ್ಲ, ತಲೆ ಎತ್ಕೊಂಡು ಸುಮ್ನೆ ಕೂತಿರ್ತವೆ. ಏಳೋವಾಗ ಹಳೇ ಪೊರೆ ಬಿಟ್ಟು ಏಳ್ತವೆ. ಒಟ್ಟು ನಾಕು ಜ್ವರ. ನಾಕನೇದು ಎದ್ವು ಅಂದ್ರೆ ಆಮೇಲೆ ನಮಗೆ ಊಟ ಇಲ್ಲ, ನಿದ್ದೆ ಇಲ್ಲ."

ಊಟ ಇಲ್ಲ, ನಿದ್ದೆ ಇಲ್ಲ. ಆ ಮಾತು ಅಶ್ವತ್ಥಮ್ಮನಿಗೆ ಬಾಯಿಪಾಠವಿತ್ತು, ಏಕೆಂದರೆ ಅದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ನೂರ ಹನ್ನೆರಡನೇ ಪುಟದಲ್ಲಿ ಹಾಕಿದ್ದಳು. ಇಪ್ಪತ್ತೆರಡನೇ ಪ್ರಶ್ನೆ: ಕಳೆದ ಒಂದು ತಿಂಗಳಲ್ಲಿ ಮನೆಯಲ್ಲಿ ಜ್ವರ ಬಂದಿತ್ತೇ, ಎಷ್ಟು ಸಲ? ಅಂಗಳದಲ್ಲಿ ನಿಂತು ಕೇಳಿದ್ದಳು. ಒಳಗಿಂದ, ಮೂರಾಯ್ತು, ಇನ್ನೊಂದು ಐತೆ ಎಂದು ಉತ್ತರ ಬಂದಿತ್ತು. ಇನ್ನೊಂದು ಮನೆಯಲ್ಲಿ, ಎರಡನೇದು ನೆನ್ನೆ ಎದ್ದಿತು. ಇನ್ನೊಂದರಲ್ಲಿ ಹೆಂಗಸರು ಮುಖ ಮುಖ ನೋಡಿಕೊಂಡು ನಕ್ಕು, ನಮ್ಮನೇಲಿ ಜ್ವರ ಇಲ್ದೆ ಇರೋ ತಿಂಗಳೇ ಇಲ್ಲ ತಾಯಿ ಎಂದಿದ್ದರು. ಆ ನಗುವನ್ನು ಕುರಿತು ಅವಳು ಒಂದು ಪ್ಯಾರಾ ಬರೆದಿದ್ದಳು, ಈ ಹೆಣ್ಣುಮಕ್ಕಳು ತಮ್ಮ ಅನಾರೋಗ್ಯವನ್ನು ನಗುತ್ತಲೇ ಸಹಿಸಿಕೊಳ್ಳುತ್ತಾರೆ ಎಂದು. ಹದಿನಾಲ್ಕನೇ ಕೋಷ್ಟಕ: ಜ್ವರದ ಪುನರಾವರ್ತನೆ. ನಲವತ್ತರಲ್ಲಿ ಮೂವತ್ತೊಂದು ಮನೆ. ಬೆಂಗಳೂರಿನ ಪ್ರೊಫೆಸರು ಅದರ ಪಕ್ಕ ಕೆಂಪು ಶಾಯಿಯಲ್ಲಿ 'ಬಹಳ ಮುಖ್ಯ' ಎಂದು ಬರೆದಿದ್ದರು. ಅವಳ ಕಿವಿಯಿಂದ ಬಿಸಿ ಹೊರಟು ಕತ್ತಿನ ಹಿಂಭಾಗಕ್ಕೆ ಇಳಿಯಿತು. ಪಕ್ಕದಲ್ಲಿ ವೆಂಕಟರಾಮಪ್ಪನವರು ಏನನ್ನೂ ಗಮನಿಸದೆ ಟಿವಿ ನೋಡುತ್ತಿದ್ದರು. ಕೋಷ್ಟಕಗಳಿವೆ ಎಂಬುದು ಅವರಿಗೆ ಗೊತ್ತಿತ್ತು, ಅವುಗಳೊಳಗೆ ಏನಿದೆ ಎಂಬುದು ಅವರಿಗೆ ನೆನಪಿರಲು ಕಾರಣವಿರಲಿಲ್ಲ.

ಚಿತ್ರ ಒಮ್ಮೆ ನೆಗೆಯಿತು. ಮೂಲೆಯಲ್ಲಿದ್ದ ತಾರೀಖು ಎರಡು ದಿನ ಮುಂದೆ ಹೋಗಿತ್ತು. ಅದೇ ಕೋಣೆ, ಅದೇ ತಟ್ಟೆಗಳು, ಆದರೆ ಟಿವಿಯಿಂದ ಜೊರ್ರೆಂದು ಒಂದೇ ಸಮನೆ ಸದ್ದು ಶುರುವಾಯಿತು. ವೆಂಕಟರಾಮಪ್ಪನವರು, ಟೇಪು ಹಾಳಾಗಿದೆ ಕಣಯ್ಯ ಕೊಂಡಪ್ಪ, ನೋಡು, ಎಂದರು. ಕೊಂಡಪ್ಪ ಬಾಗಿಲು ಬಿಟ್ಟು ಕದಲಲಿಲ್ಲ. ತಾಹಿರಾ ಎದ್ದು ನಿಂತು ಮೆಲ್ಲಗೆ ಹೇಳಿದಳು, ಟೇಪು ಸರಿಯಾಗೇ ಇದೆ ಸಾರ್, ಅದು ಹುಳ ಸೊಪ್ಪು ತಿನ್ನೋ ಸದ್ದು. ಎದ್ದು ಟಿವಿಯ ಕಡೆ ಕೈ ಚಾಚಿದ್ದ ವೆಂಕಟರಾಮಪ್ಪನವರು ಹಾಗೇ ನಿಂತರು. ನಿಂತು ಕೇಳಿದರು. ಸೋಗೆಯ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಎಂದುಕೊಂಡಳು ಅಶ್ವತ್ಥಮ್ಮ, ಆಮೇಲೆ ಆ ಹೋಲಿಕೆಯನ್ನು ತಾನೇ ಅಳಿಸಿಹಾಕಿದಳು. ಅದು ಮಳೆಯ ಹಾಗಿರಲಿಲ್ಲ. ಅದು ಹುಳ ಸೊಪ್ಪು ತಿನ್ನುವ ಸದ್ದಿನ ಹಾಗಿತ್ತು. ಜೀವವೊಂದು ತನ್ನ ಕೆಲಸ ಮಾಡುವ ಸದ್ದು; ಅದನ್ನು ಯಾವ ಕೋಷ್ಟಕದ ಯಾವ ಮನೆಯಲ್ಲಿ ಕೂರಿಸುವುದು. ಹಿಂದೆ ನಿಂತ ಈ ಇಪ್ಪತ್ತು ವರ್ಷದ ಹುಡುಗಿ ಎರಡು ದಿನ ಬಿಟ್ಟು ಮತ್ತೆ ಅದೇ ಮನೆಗೆ ಹೋಗಿದ್ದಾಳೆ, ಆ ಸದ್ದಿಗಾಗಿಯೇ ಹೋಗಿದ್ದಾಳೆ. ಅಸೂಯೆ ಬರಬೇಕಿತ್ತು, ಬಂದದ್ದು ಬೇರೆ ಏನೋ, ಬಹಳ ದಿನ ಮುಚ್ಚಿದ್ದ ಕೋಣೆಯ ಕಿಟಕಿಯನ್ನು ಯಾರೋ ತೆಗೆದ ಹಾಗೆ.

ಸದ್ದಿನ ನಡುವೆ ಸೊಪ್ಪು ಹಾಕುತ್ತಲೇ ಮುನಿಶಾಮಮ್ಮ ಮಾತಾಡುತ್ತಿದ್ದಳು. ನಾಕೈದು ವರ್ಷದ ಹಿಂದೆ ನಿನ್ನ ಹಂಗೇ ಒಂದು ಹುಡುಗಿ ಬಂದಿತ್ತಮ್ಮ. ಅಂಗಳದಲ್ಲೇ ನಿಂತು ಬರ್ಕೊಂಡು ಹೋಯ್ತು. ಜ್ವರ ಬಂದಿತ್ತಾ ಅಂತು. ಮೂರಾಯ್ತು ಅಂದೆ. ಪಾಪ, ಮಾತ್ರೆ ತಗೊಂಡ್ರಾ ಅಂತ ಕೇಳ್ತು. ನಾನು ನಗ್ಬಾರ್ದು ಅಂತ ಸೆರಗು ಬಾಯಿಗಿಟ್ಕೊಂಡೆ, ಹೇಳಣ ಅಂದ್ರೆ ಆಗಲೇ ಇನ್ನೊಂದು ಕೇಳ್ತು.

"ಒಳ್ಳೇ ಹುಡುಗಿ. ಮಜ್ಜಿಗೆ ಕೊಟ್ರೂ ಕುಡೀಲಿಲ್ಲ," ಎಂದಳು ಮುನಿಶಾಮಮ್ಮ. "ಮುಖ ಹೆಂಗಿತ್ತೋ ಗೊತ್ತಿಲ್ಲ ಕಣಮ್ಮ, ತಲೆ ಎತ್ತಿದ್ರೆ ತಾನೆ. ಬೈತಲೆ ಒಂದು ಗೊತ್ತು. ಸಾಲು ಹೊಡೆದಂಗೆ ನೆಟ್ಟಗಿತ್ತು."

ವೆಂಕಟರಾಮಪ್ಪನವರು ಹೊಟ್ಟೆ ಅಲುಗುವ ಹಾಗೆ ನಕ್ಕರು. ಹುಳಕ್ಕೆ ಮಾತ್ರೆ, ಯಾವ ಪುಣ್ಯಾತಗಿತ್ತಿನೋ ಏನೋ, ಸರ್ಕಾರದವಳಿರಬೇಕು, ಎಂದರು. ಅಶ್ವತ್ಥಮ್ಮನ ಕೈ ಅವಳಿಗೆ ಹೇಳದೆ ಕೇಳದೆ ನೆತ್ತಿಯ ಮೇಲೆ ಹೋಗಿತ್ತು. ಪ್ರತಿ ಬೆಳಿಗ್ಗೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳದೆ ಬೈತಲೆ ಮಾತ್ರ ನೋಡಿಕೊಂಡು ತೆಗೆಯುತ್ತಾಳೆ, ನೆಟ್ಟಗೆ. ಬೆರಳು ಆ ಗೆರೆಯ ಮೇಲೆ ನಿಂತಿತ್ತು, ಮುಚ್ಚುವ ಹಾಗೆ. ಹಿಂದೆ ಕೂತ ತಾಹಿರಾ ಈಗ ಅದನ್ನೇ ನೋಡುತ್ತಿರಬಹುದು. ಟಿವಿಯಲ್ಲಿ ಕ್ಯಾಮರಾ ಸ್ವಲ್ಪವೂ ಅಲುಗಿರಲಿಲ್ಲ. ಮುದುಕಿ ಅಷ್ಟು ನಗಿಸುವ ಮಾತು ಹೇಳುತ್ತಿದ್ದರೂ ಕ್ಯಾಮರಾ ಹಿಡಿದವಳು ನಕ್ಕಿರಲಿಲ್ಲ.

ಭೂಪಟಗಳನ್ನು ಎತ್ತಿದ ಮೇಲೆ ಕೋಣೆ ಚಿಕ್ಕದಾಗಿ ಕಂಡಿತು. ವೆಂಕಟರಾಮಪ್ಪನವರು ಕೆಟ್ಟವರಲ್ಲ; ಚೆನ್ನಾಗಿದೆಯಮ್ಮ ಎಂದು ಎರಡು ಸಲ ಹೇಳಿದರು. ನಮ್ಮ ಕಡೆಯ ಕಬ್ಬಿನ ಗಾಣವನ್ನೂ ಹೀಗೇ ಯಾರಾದರೂ ತೆಗೆಯಬೇಕು ಎಂದರು. ಆಮೇಲೆ ಕನ್ನಡಕ ಒರೆಸಿಕೊಂಡು, ಆದರೆ ನೋಡು, ಚೆನ್ನಾಗಿರೋದು ಬೇರೆ, ಸಂಶೋಧನೆ ಬೇರೆ. ಸಂಖ್ಯೆ ಎಲ್ಲಿದೆ, ಕೋಷ್ಟಕ ಎಲ್ಲಿದೆ. ನಾಳೆ ಯಾರಾದರೂ ಕೇಳಿದರೆ ಬೀರುವಿನಿಂದ ತೆಗೆದು ಏನು ತೋರಿಸಲಿ, ಈ ಡಬ್ಬಿಯನ್ನಾ. ಇಷ್ಟು ಹೇಳಿ ಅಶ್ವತ್ಥಮ್ಮನ ಕಡೆ ತಿರುಗಿ, ಹೋಗಿ ನಿಮ್ಮ ಪ್ರಬಂಧ ತಗೊಂಡು ಬನ್ನಿ, ಇವಳಿಗೆ ಒಂದು ಸಲ ಸರಿಯಾಗಿ ತೋರಿಸೋಣ, ಎಂದರು. ಹತ್ತೊಂಬತ್ತು ಹೆಸರಿನ ಮುಂದೆ ಅಂಕ ತುಂಬಿದ್ದ ಹಾಳೆ ಅವರ ಮುಂದಿತ್ತು. ಇಪ್ಪತ್ತನೆಯದರ ಮುಂದೆ ಖಾಲಿ.

ಲೈಬ್ರರಿಯ ಬೀರುವಿನ ಬೀಗ ತೆಗೆಸಿ ಪುಸ್ತಕವನ್ನು ಎತ್ತಿಕೊಂಡಾಗ ಅದು ಎಂದಿಗಿಂತ ಭಾರವಾಗಿತ್ತು. ಸುಮ್ಮನೆ ಒಯ್ದು ಮೇಜಿನ ಮೇಲಿಟ್ಟರೆ ಸಾಕು. ಅವರು ಎತ್ತಿ ಹಿಡಿಯುತ್ತಾರೆ, ಇಪ್ಪತ್ತೆರಡು ಕೋಷ್ಟಕ ಅನ್ನುತ್ತಾರೆ, ಬಿಚ್ಚಿ ಓದುವುದಿಲ್ಲ. ಸೊನ್ನೆ ಹಾಕುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ, ಇವತ್ತು ರಾತ್ರಿ ಡೈರಿಯಲ್ಲಿ ಇನ್ನೊಂದು ಸಾಲು. ಕಿಟಕಿಯ ಹತ್ತಿರ ನಿಂತು ನೂರ ಹನ್ನೆರಡನೇ ಪುಟ ಬಿಚ್ಚಿದಳು. ಹದಿನಾಲ್ಕನೇ ಕೋಷ್ಟಕದ ಪಕ್ಕ ಪೆನ್ಸಿಲಿನಲ್ಲಿ ಯಾರೋ ಏನೋ ಬರೆದು ಅಳಿಸಿದ್ದರು. ಅಳಿಸಿದ್ದರೂ ಕಾಗದದಲ್ಲಿ ಒತ್ತು ಉಳಿದಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದೇ ಪದ ಕಾಣಿಸಿತು: ಯಾರಿಗೆ? 'ಗೆ'ಯ ಎತ್ವವನ್ನು ಹೀಗೆ ಉದ್ದ ಎಳೆಯುವ ಕೈ ಇಡೀ ತರಗತಿಯಲ್ಲಿ ಒಂದೇ ಇತ್ತು, ಅದರ ಉತ್ತರ ಪತ್ರಿಕೆಗಳನ್ನು ಅವಳು ಎರಡು ವರ್ಷದಿಂದ ತಿದ್ದುತ್ತಿದ್ದಳು. ಜ್ವರ ಯಾರಿಗೆ. ಅಂದರೆ ತಾಹಿರಾ ಇದನ್ನು ಓದಿದ್ದಳು, ಜನವರಿಗಿಂತ ಮೊದಲೇ ಓದಿದ್ದಳು. ಓದಿ, ಬರೆದು, ತನ್ನ ಮಿಸ್‌ನ ಪುಸ್ತಕವೆಂದು ನೆನಪಾಗಿ ಅಳಿಸಿ, ಮತ್ತೆ ಪಡಸಾಲೆಯಲ್ಲಿ ಬಂದು, ಬರೆಯೋ ಬದ್ಲು ವಿಡಿಯೋ ತೆಗೆದುಕೊಡ್ಲಾ ಮಿಸ್ ಎಂದು ಕೇಳಿದ್ದಳು.

ಅಶ್ವತ್ಥಮ್ಮ ಪುಸ್ತಕವನ್ನು ಮೇಜಿನ ಮೇಲಿಟ್ಟಳು, ಆದರೆ ಮುಚ್ಚಿ ಇಡಲಿಲ್ಲ. ವೆಂಕಟರಾಮಪ್ಪನವರು ಕೈ ಚಾಚಿದರೂ ಅವಳ ಬೆರಳು ಕೋಷ್ಟಕದ ಮೇಲಿಂದ ಸರಿಯಲಿಲ್ಲ.

"ಸಾರ್, ಇದು ತಪ್ಪು," ಎಂದಳು. "ಈ ಜ್ವರ ಹೆಂಗಸರಿಗೆ ಬಂದದ್ದಲ್ಲ. ಹುಳಕ್ಕೆ ಬಂದದ್ದು. ಕ್ಯಾಸೆಟ್ಟಿನಲ್ಲಿ ಅಜ್ಜಿ ಹೇಳಿದ ಹುಡುಗಿ ನಾನೇ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಪುಟ ತಿರುಗಿಸಿ ಓದತೊಡಗಿದಳು. ಇನ್ನೊಬ್ಬರು ಬರೆದದ್ದನ್ನು ಓದುವ ಹಾಗೆ ಓದುವುದು ಮಾತಾಡುವುದಕ್ಕಿಂತ ಸುಲಭವಾಗಿತ್ತು. ಮೂವತ್ತೊಂದು ಮನೆಗಳಲ್ಲಿ ತಿಂಗಳಿಗೆ ಮೂರರಿಂದ ನಾಲ್ಕು ಸಲ ಜ್ವರ. ಕಾರಣ ಸೊಳ್ಳೆಗಳಿರಬಹುದು. ಶಿಫಾರಸು: ಹುಳ ಮೇಯಿಸುವ ಪ್ರತಿಯೊಂದು ಮನೆಯ ಒಳಗೂ ತಿಂಗಳಿಗೊಮ್ಮೆ ಕೀಟನಾಶಕ ಸಿಂಪಡಿಸತಕ್ಕದ್ದು. ಬಾಗಿಲ ಬಳಿ ಕೊಂಡಪ್ಪನ ಗಂಟಲು ಗುರ್ರೆಂದಿತು. ಅವನ ಹೆಂಡತಿಯೂ ಹುಳ ಮೇಯಿಸುವವಳು. ಸಿಂಪಡಿಸಿದ್ರೆ ಒಂದು ಹುಳಾನೂ ಉಳಿಯಲ್ಲ ಸಾರ್, ಮನೆ ಬಾಗಿಲು ಹಾಕ್ಕೊಂಡು ಹೋಗ್ಬೇಕಾಗ್ತದೆ, ಎಂದ. ವೆಂಕಟರಾಮಪ್ಪನವರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು ಪ್ರೊಫೆಸರ ಕೆಂಪು ಶಾಯಿಯನ್ನು ನೋಡಿದರು, ಬಂಗಾರದ ಅಕ್ಷರವನ್ನು ನೋಡಿದರು. ಎರಡು ವರ್ಷದಿಂದ ಅದನ್ನು ಎತ್ತಿ ಹಿಡಿದಿದ್ದ ತಮ್ಮ ಕೈಯನ್ನೂ ಒಮ್ಮೆ ನೋಡಿಕೊಂಡರೇನೋ. ಇದನ್ನ ಈಗ ಹೇಳೋ ಅಗತ್ಯ ಏನಿತ್ತಮ್ಮ, ಎಂದು ಕೇಳಿದಾಗ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ದಣಿವಿತ್ತು.

ಅವಳು ತಲೆ ಎತ್ತಿದಳು. ಅವರ ಹುಬ್ಬಿನ ನಡುವೆ ಒಂದು ಸಣ್ಣ ಮಚ್ಚೆಯಿತ್ತು. ಎರಡು ವರ್ಷ ಜೊತೆಯಲ್ಲಿ ಕೆಲಸ ಮಾಡಿದರೂ ಅವಳು ಅದನ್ನು ನೋಡಿರಲಿಲ್ಲ.

"ಇವಳಿಗೆ ವಿಡಿಯೋ ತೆಗಿ ಅಂದದ್ದು ನಾನು ಸಾರ್," ಎಂದಳು. "ಹೋದ ವಾರ ನೀವು ಕೇಳಿದಾಗ ಹೇಳಲಿಲ್ಲ. ಇವಳು ಒಳಗೆ ಹೋಗಿ ನೋಡಿದಾಳೆ. ನಾನು ಹೊರಗೆ ನಿಂತು ಬರೆದೆ."

ಹೊರಗೆ ಬಸ್ಸೊಂದು ಹಾರನ್ ಹಾಕಿಕೊಂಡು ಹೋಯಿತು. ವೆಂಕಟರಾಮಪ್ಪನವರು ಅಂಕದ ಹಾಳೆಯ ಅಂಚನ್ನು ಉಗುರಿನಿಂದ ನೇವರಿಸಿದರು. ಯಾರ ಕಡೆಯೂ ನೋಡದೆ, ಕೊಂಡಪ್ಪ, ಆ ಸದ್ದು ಬರೋ ಜಾಗ ಇನ್ನೊಂದು ಸಲ ಹಾಕು, ಎಂದರು. ಕೊಂಡಪ್ಪನಿಗೆ ಯಂತ್ರ ಗೊತ್ತಿಲ್ಲ; ತಾಹಿರಾ ಹೋಗಿ ಗುಂಡಿ ಒತ್ತಿದಳು. ಈ ಸಲ ಭೂಪಟ ಇಳಿಬಿಡಲಿಲ್ಲ, ಬೆಳಕಿನಲ್ಲಿ ಚಿತ್ರ ಮಾಸಲು ಮಾಸಲು, ಆದರೆ ಸದ್ದು ಪೂರ್ತಿ ಇತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಅಂಕದ ಹಾಳೆಯನ್ನು ಅಶ್ವತ್ಥಮ್ಮನ ಕಡೆ ತಳ್ಳಿ, ನೀವೇ ಹಾಕಿ, ಮಾರ್ಗದರ್ಶಕರು ಅಂತ ಇರೋ ಕಡೆ ಸಹಿ ಮಾಡಿ, ಪ್ರಬಂಧದ ಬದಲು ಇದನ್ನ ಯಾಕೆ ಒಪ್ಪಿಕೊಂಡಿರಿ ಅಂತ ಎರಡು ಪುಟ ಬರೆದುಕೊಡಿ, ಯಾರಾದರೂ ಕೇಳಿದರೆ ನೀವೇ ಉತ್ತರ ಹೇಳಬೇಕಾಗ್ತದೆ, ಎಂದರು. ಕೆಂಪು ಪುಸ್ತಕವನ್ನು ಅವರು ವಾಪಸು ಕೊಡಲಿಲ್ಲ, ಬೀರುವಿಗೆ ಇಡಿ ಎಂದೂ ಹೇಳಲಿಲ್ಲ. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಯೋಚನೆ ಅಶ್ವತ್ಥಮ್ಮನಿಗೆ ಬಂತು, ಬಂದು ಅಲ್ಲೇ ಬದಿಯಲ್ಲಿ ನಿಂತಿತು. ಅವಳು ನಲವತ್ತಮೂರು ಎಂದು ಬರೆದಳು. 'ಸಿ. ಎ.' ಎಂದು ಬರೆಯಲು ಹೊರಟ ಪೆನ್ನು 'ಸಿ'ಯ ಹತ್ತಿರ ನಿಂತು, ಆಮೇಲೆ ಸಿ. ಅಶ್ವತ್ಥಮ್ಮ ಎಂದು ಪೂರ್ತಿ ಬರೆಯಿತು. ಅಂಕಣದಲ್ಲಿ ಅಷ್ಟು ಜಾಗವಿರಲಿಲ್ಲ, ಕೊನೆಯ ಅಕ್ಷರ ಗೆರೆ ದಾಟಿ ಆಚೆ ಹೋಯಿತು.

ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ನೆರಳಿಗೆ ನಿಂತಿದ್ದರು, ನಡುವೆ ನೆಲದ ಮೇಲೆ ವಿಸಿಆರ್. ಆ ತುಣುಕು ಬಿಟ್ಟುಬಿಡಬಹುದಿತ್ತಲ್ಲ, ಅಜ್ಜಿ ನನ್ನ ಬಗ್ಗೆ ಹೇಳಿದ್ದು, ಎಂದು ಅಶ್ವತ್ಥಮ್ಮ ಕೇಳಿದಳು. ತಾಹಿರಾ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, ಅದರ ಮೇಲೆ ಬೇರೆ ಏನಾದ್ರೂ ತೆಗೆದಿದ್ರೆ ಹುಳದ ಸದ್ದೂ ಹೋಗ್ತಿತ್ತು ಮಿಸ್, ಎರಡೂ ಒಟ್ಟಿಗೇ ಬಂದಿದ್ವು, ಎಂದಳು. ಆಮೇಲೆ, ಅಜ್ಜಿ ಕೇಳಿದ್ಲು, ನಿಮ್ಮ ಕಾಲೇಜಲ್ಲಿ ಅಂಥ ಬೈತಲೆ ಇರೋ ಮಿಸ್ ಯಾರಾದ್ರೂ ಇದಾರಾ ಅಂತ. ನಾನು ನೋಡಿಲ್ಲ ಅಂದೆ. ಇಷ್ಟು ಹೇಳಿ ನಗು ತಡೆಯಲಾರದೆ ಮುಖ ಆ ಕಡೆ ತಿರುಗಿಸಿದಳು. ಕ್ಯಾಮರಾದ ಹಿಂದೆ ತಡೆದಿಟ್ಟಿದ್ದ ನಗು ಅದಿರಬೇಕು. ಅಶ್ವತ್ಥಮ್ಮನಿಗೂ ನಗು ಬಂತು, ಬಾಯಿ ಮುಚ್ಚಿಕೊಳ್ಳಲು ಸೆರಗು ಹುಡುಕಿದಳು, ಸಿಗಲಿಲ್ಲ.

ಮಂಚೇನಹಳ್ಳಿಯ ಬಸ್ಸು ಬಂದು ನಿಂತು, ತುಂಬಿಕೊಂಡು ಹೊರಟಿತು. ಅವಳು ಹತ್ತಲಿಲ್ಲ. ಈಗ ಅವರ ಮನೇಲಿ ಎಷ್ಟನೇ ಜ್ವರ, ಎಂದು ಕೇಳಿದಳು. ತಾಹಿರಾ ಬೆರಳು ಮಡಿಸಿ ಎಣಿಸಿದಳು. ಹೊಸ ಹುಳ ಮಿಸ್, ನಾಕನೇದು ಇವತ್ತು ಏಳ್ಬೇಕು, ಇನ್ನು ಅವರಿಗೆ ನಿದ್ದೆ ಇಲ್ಲ. ಶಿಡ್ಲಘಟ್ಟದ ಬಸ್ಸು ಬಂತು. ಅಶ್ವತ್ಥಮ್ಮ ವಿಸಿಆರ್‌ನ ಒಂದು ಬದಿ ಹಿಡಿದು ಎತ್ತಿದಳು. ಮೆಟ್ಟಿಲು ಹತ್ತುತ್ತಿದ್ದ ತಾಹಿರಾ ತಿರುಗಿ ನೋಡಿ, ಮೊದಲು ಬಾಗಿಲಲ್ಲಿ ಕೇಳ್ತಾಳೆ ಮಿಸ್ ಅಜ್ಜಿ, ಒಳಗೆ ಬರ್ಬೋದಾ ಅಂತ, ಎಂದಳು.

"ಬರ್ಬೋದು ಅಂತೀನಿ," ಎಂದಳು ಅಶ್ವತ್ಥಮ್ಮ.